ಬೆರಳಲ್ಲಿ ಕೀಳುವ ಕೂದಲು

ಇನ್ನೂ ಇತ್ಯರ್ಥವಾಗದೆ ಉಳಿದಿರುವ ಗಹನವಾದ ಪ್ರಶ್ನೆಗಳಲ್ಲಿ ಇದೂ ಒಂದು: ಪುಟ್ಟ ಟೆರಿಯರ್ ನಾಯಿಯ ಕೂದಲನ್ನು ಕತ್ತರಿಸಬೇಕೋ, ಕೀಳಬೇಕೋ? ಈ ವಿಷಯಕ್ಕೆ ಸಂಸಾರಗಳು ಒಡೆದಿವೆ, ಸ್ನೇಹಗಳು ಹಳಸಿವೆ.

ನಾಯಿಗಳ ಸ್ನಾನ-ಕ್ಷೌರದ ಅಂಗಡಿ ಇಟ್ಟುಕೊಂಡಿದ್ದ ತಂಗಿಗೆ ಮಾತ್ರ ಅನುಮಾನವಿರಲಿಲ್ಲ. ಕೀಳಬೇಕು. ಟೆರಿಯರ್ ಮೈಮೇಲೆ ಕೂದಲು ಎರಡು ಪದರ. ಒಳಗೆ ಹತ್ತಿ, ಹೊರಗೆ ತಂತಿ. ತಂತಿಗೆ ವಯಸ್ಸಾದ ಮೇಲೆ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದೆಳೆದರೆ ನೋವಿಲ್ಲದೆ ಕೈಗೆ ಬರುತ್ತದೆ, ಆ ಜಾಗದಲ್ಲಿ ಹೊಸದು ಒರಟಾಗಿ ಹುಟ್ಟುತ್ತದೆ. ಕತ್ತರಿಸುವ ಮಷೀನು ಹಾಕಿದರೆ ಬಣ್ಣ ಮಾಸಿ, ನಾಯಿ ಒಗೆದ ಕಂಬಳಿಯ ಹಾಗೆ ಕಾಣುತ್ತದೆ.

ಅವಳಷ್ಟೇ ಚೆನ್ನಾಗಿ ಕೀಳುತ್ತಿದ್ದವರು ಒಬ್ಬರೇ, ಅವಳ ಭಾವ, ಅಕ್ಕನ ಗಂಡ. ಬದುಕಿದ್ದಷ್ಟು ದಿನ ಮನೆಯಲ್ಲಿ ಒಂದು ಲೋಟ ತೊಳೆದವರಲ್ಲ. ಆದರೆ ಭಾನುವಾರ ಮಧ್ಯಾಹ್ನ ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ತಮ್ಮ ಟೆರಿಯರ್ ‘ಸಾಹೇಬ’ನನ್ನು ನಿಲ್ಲಿಸಿಕೊಂಡು, ಎಡಗೈಯಲ್ಲಿ ಒಂದೊಂದೇ ಎಳೆ ಕೀಳುತ್ತ ಕೂತರೆ ದೀಪ ಹಚ್ಚುವವರೆಗೂ ಏಳುತ್ತಿರಲಿಲ್ಲ.

ಭಾವ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ತಂಗಿ ಅಂಗಡಿಯ ಮಹಡಿಯ ಕೋಣೆಗೆ ಸುಣ್ಣ ಹೊಡೆಸಿ, “ಒಬ್ಬಳೇ ಅಲ್ಲಿ ಏನು ಮಾಡ್ತೀಯ, ಬಂದುಬಿಡು” ಎಂದು ಅಕ್ಕನಿಗೆ ದುಂಬಾಲು ಬಿದ್ದಿದ್ದಳು. ಅಕ್ಕ ಬಂದಳು. ಪೆಟ್ಟಿಗೆಯ ಬದಲು ನಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು.

“ಇದನ್ನ ಸ್ವಲ್ಪ ನೋಡು.”

ತಂಗಿ ನೋಡಿದಳು. ನಾಲ್ಕು ತಿಂಗಳು ಯಾರೂ ಮುಟ್ಟದ ಟೆರಿಯರ್ ಪೊರಕೆಯಂತಿರಬೇಕು. ಸಾಹೇಬ ಮದುವೆಗೆ ಹೊರಟವನಂತಿದ್ದ. ಕತ್ತಿನ ಬಲಬದಿ ಒಂದಿಷ್ಟು ತೆಳ್ಳಗಿತ್ತು. ಎಡಗೈಯವರು ಕಿತ್ತರೆ ಹಾಗಾಗುತ್ತದೆ.

“ಯಾರ ಹತ್ತಿರ ಮಾಡಿಸಿದೆ?”

“ಯಾರೂ ಇಲ್ಲ ಕಣೇ. ಭಾನುವಾರ ನಾನು ಊಟ ಮಾಡಿ ಮಲಗ್ತೀನಿ. ಎದ್ದರೆ ಸ್ಟೂಲಿನ ಕೆಳಗೆ ಕೂದಲು.” ಅಕ್ಕ ತಗ್ಗಿದ ದನಿಯಲ್ಲಿ ಕೇಳಿದಳು, “ನಿಜ ಹೇಳು. ನಾನೇ ನಿದ್ದೆಗಣ್ಣಲ್ಲಿ ಕೀಳ್ತಿದೀನಾ? ನನ್ನ ತಲೆ ಕೆಟ್ಟಿದ್ದರೆ ನಾಳೆನೇ ನಿನ್ನ ಮನೆಗೆ ಬಂದುಬಿಡ್ತೀನಿ.”

ತಂಗಿ ಅಕ್ಕನ ಕೈ ನೋಡಿದಳು. ಸಂದುನೋವಿಗೆ ಬೆರಳುಗಳು ಶುಂಠಿಯಂತೆ ಗಂಟುಗಂಟಾಗಿದ್ದವು. ಬಾಟಲಿಯ ಮುಚ್ಚಳ ತೆಗೆಯಲಾಗದ ಕೈ ಅದು.

“ನೀನೇ ಇರಬೇಕು,” ಎಂದಳು. ಅಕ್ಕ ಬಂದುಬಿಡಲಿ ಎಂಬ ಆಸೆ, ಅದಕ್ಕೇ ಈ ಸುಳ್ಳು. “ಅದಕ್ಕೆ ಮದ್ದು ನನ್ನ ಹತ್ತಿರ ಇದೆ.”

ಮೂವತ್ತು ವರ್ಷದಲ್ಲಿ ಮಾಡದ ಪಾಪವನ್ನು ಆಗ ಮಾಡಿದಳು. ಮಷೀನು ತೆಗೆದು ಸಾಹೇಬನ ಬೆನ್ನನ್ನು, ಕತ್ತಿನಿಂದ ಬಾಲದವರೆಗೆ, ಒಂದು ಅಂಗೈ ಅಗಲಕ್ಕೆ ಹೆರೆದುಬಿಟ್ಟಳು. ಅಕ್ಕಿಕಾಳಿಗಿಂತ ಗಿಡ್ಡ ಕೂದಲು. ಯಾವ ಬೆರಳಿಗೂ ಸಿಗುವುದಿಲ್ಲ. ನಾಯಿ ಗೊಣಗಲಿಲ್ಲ. ಬಾಗಿಲ ಕಡೆ ತಿರುಗಿ, ಹೊರಗೆ ಯಾರಿಗೋ ದೂರು ಹೇಳುವಂತೆ ಒಮ್ಮೆ ಕುಂಯ್ ಎಂದಿತು.

“ಇದೊಂದು ಭಾನುವಾರ ನೋಡಿ ಬರ್ತೀನಿ” ಎಂದು ಅಕ್ಕ ನಾಯಿಯೊಂದಿಗೆ ಮನೆಗೆ ಮರಳಿದಳು. ಆ ಭಾನುವಾರ ಮಧ್ಯಾಹ್ನ ತಂಗಿಯೇ ಅಕ್ಕನ ಮನೆಗೆ ಹೋದಳು. ಅಕ್ಕ ಮಲಗಿದಳು. ತಂಗಿ ಕುರ್ಚಿ ಎಳೆದುಕೊಂಡು ಬಾಗಿಲಲ್ಲಿ ಕೂತಳು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

ಮೂರು ಗಂಟೆಗೆ ಸಾಹೇಬ ಎದ್ದು ಮೈ ಮುರಿದು, ಸ್ಟೂಲಿನ ಮೇಲೆ ಹತ್ತಿ ನಿಂತ. ಗದ್ದ ಮೇಲೆತ್ತಿದ, ಯಾರೋ ಕೆಳಗಿನಿಂದ ಎತ್ತಿ ಹಿಡಿದ ಹಾಗೆ. ಕತ್ತಿನ ಚರ್ಮ ಮುಂದಕ್ಕೆ ಮಡಿಚಿಕೊಂಡಿತು. ಹಿಡಿಯುವ ಕೈ ಕೆಲಸ ಬಲ್ಲ ಕೈ. ಚರ್ಮವನ್ನು ಬಿಗಿಹಿಡಿದೇ ಕೀಳಬೇಕು, ಇಲ್ಲದಿದ್ದರೆ ನೋಯುತ್ತದೆ. ಬೆನ್ನಿನ ಗಿಡ್ಡ ಕೂದಲು ಒಂದೊಂದಾಗಿ ಬಿಟ್ಟುಕೊಂಡು ನೆಲಕ್ಕೆ ಬೀಳತೊಡಗಿತು. ನಾಯಿ ಕಣ್ಣು ಮುಚ್ಚಿಕೊಂಡಿತ್ತು. ತಂಗಿಗೆ ಎದ್ದು ಓಡಬೇಕೆನಿಸಿತು. ಅಷ್ಟರ ನಡುವೆಯೂ, ಕೆಲಸ ಶುದ್ಧವಾಗಿದೆಯೆಂದು ಅವಳಿಗೆ ಅನಿಸದಿರಲಿಲ್ಲ. ಮಷೀನು ಕೆಡಿಸಿದ್ದನ್ನು ಬೇರಿನಿಂದ ತೆಗೆದರೇ ಸರಿಯಾದದ್ದು ಹುಟ್ಟುವುದು.

ಐದಕ್ಕೆ ಅಂಗೈ ಅಗಲದ ಪಟ್ಟಿ ಗುಲಾಬಿ ಚರ್ಮವಾಗಿತ್ತು. ಒಂದು ಗೀರಿಲ್ಲ.

“ನೋಡಿದೆಯಾ?” ಹಿಂದೆ ಅಕ್ಕ ನಿಂತಿದ್ದಳು. ಯಾವಾಗ ಎದ್ದಳೋ.

“ನೀನಲ್ಲ ಕಣೇ ಅಕ್ಕ. ನಿನಗೆ ಸುಳ್ಳು ಹೇಳಿದ್ದೆ.”

ಅಕ್ಕ ಸ್ಟೂಲಿನ ಕಡೆ ತಿರುಗಿದಳು. ಅವಳ ಮುಖದಲ್ಲಿ ಹೆದರಿಕೆಯಿರಲಿಲ್ಲ, ಮುನಿಸಿತ್ತು.

“ನಾಲ್ಕು ತಿಂಗಳಿಂದ ಇವರು ವಾರ ವಾರ ಬರ್ತಿದಾರೆ. ಒಂದು ಸಲ ನನ್ನ ಕಡೆ ತಿರುಗಿ, ಊಟ ಆಯ್ತಾ ಅಂತ ಕೇಳಿಲ್ಲ.” ಸೆರಗು ಸಿಕ್ಕಿಸಿಕೊಂಡು ಪೊರಕೆ ಹುಡುಕಿದಳು. “ಗುಡಿಸೋಕೆ ಮಾತ್ರ ನಾನು ಬೇಕು.”

“ನನ್ನ ಜೊತೆ ಬಂದುಬಿಡು, ಅಕ್ಕ.”

“ಇವರನ್ನ ಇಲ್ಲಿ ಬಿಟ್ಟಾ? ಬುದ್ಧಿ ಇದೆಯೇನೇ ನಿನಗೆ?”

ಎರಡು ತಿಂಗಳಲ್ಲಿ ಸಾಹೇಬನ ಬೆನ್ನಿಗೆ ಒರಟು ಕೂದಲು ಹಳೆಯ ಬಣ್ಣದಲ್ಲೇ ಬಂತು. ಅಕ್ಕ ಮನೆ ಬಿಡಲಿಲ್ಲ.