ಕತ್ತೆಯ ಕೊರಳಿಗೆ ಮಫ್ಲರ್ ಕಟ್ಟಿದವಳು

ಆ ಭಾನುವಾರ ಬೆಳಿಗ್ಗೆ ವಾಚನಾಲಯದ ಮಹಡಿಯಲ್ಲಿ ಹಳೆಯ ಕಾರ್ಟೂನುಗಳ ಬಗ್ಗೆ ರಸಪ್ರಶ್ನೆ ಇತ್ತು. ಜೋಡಿಯಾಗಿ ಬರಬೇಕಿದ್ದ ಗೆಳತಿ ಕೈಕೊಟ್ಟಿದ್ದರಿಂದ ಮೊಮ್ಮಗಳ ಪಕ್ಕದಲ್ಲಿ ಅಜ್ಜಿಯೇ ಕೂತಿದ್ದಳು. ಹತ್ತೊಂಬತ್ತು ವರ್ಷ ಕಾರ್ಟೂನು ಸ್ಟುಡಿಯೋದಲ್ಲಿ ಪಾರದರ್ಶಕ ಹಾಳೆಗಳಿಗೆ ಬಣ್ಣ ತುಂಬಿದವಳು ಆಕೆ. ಅಲ್ಲಿ ಎಲ್ಲರ ಬಾಯಲ್ಲೂ ಬಣ್ಣದಕ್ಕ. ಚಿತ್ರದ ಕೊನೆಯಲ್ಲಿ ಬರುವ ಹೆಸರುಗಳ ಸಾಲಿನಲ್ಲಿ ಮಾತ್ರ ಆ ಅಕ್ಕನ ಪತ್ತೆಯೇ ಇರುತ್ತಿರಲಿಲ್ಲ.

ಕೊನೆಯ ಪ್ರಶ್ನೆಯ ಹೊತ್ತಿಗೆ ಇವರದೂ ಎದುರಿನ ಮೇಜಿನವರದೂ ಸಮಸಮ. ರಸಪ್ರಶ್ನೆ ನಡೆಸುತ್ತಿದ್ದ ಮೇಷ್ಟ್ರು ಚೀಟಿ ಎತ್ತಿದರು. "ಕುಂಟುಕತ್ತೆ ಕಾರ್ಟೂನಿನ ಕತ್ತೆಯ ಕೊರಳಿಗೆ ಕೆಂಪು ಮಫ್ಲರ್ ಬಂದದ್ದು ಹೇಗೆ?"

ಅಜ್ಜಿ ಕುಟ್ಟಿದ ರಭಸಕ್ಕೆ ಗಂಟೆ ಮೇಜಿನಿಂದ ಉರುಳಿ ಬಿತ್ತು.

"ನಾನು ಹಾಕಿದ್ದು. ತಲೆ ಒಂದು ಹಾಳೇಲಿ, ಮೈ ಇನ್ನೊಂದ್ರಲ್ಲಿ ಬರೀತಿದ್ವಿ. ಎರಡೂ ಸೇರೋ ಕಡೆ ಬೂದು ಬಣ್ಣ ಹೊಂದ್ತಾನೇ ಇರ್ಲಿಲ್ಲ, ಕತ್ತು ಕೊಯ್ದು ಅಂಟಿಸಿದ ಹಾಗೆ ಕಾಣ್ತಿತ್ತು. ಡಬ್ಬಿ ತಳದಲ್ಲಿ ಕೆಂಪು ಮಿಕ್ಕಿತ್ತು. ಮಫ್ಲರ್ ಬರೆದು ಮುಚ್ಚಿಬಿಟ್ಟೆ."

ಮೇಷ್ಟ್ರು ನಕ್ಕರು. "ಕತೆ ಚೆನ್ನಾಗಿದೆ ಅಮ್ಮಾ. ಆದ್ರೆ ಸ್ಟುಡಿಯೋ ಯಜಮಾನ್ರು ಒಂದ್ಸಲ ಚಳೀಲಿ ನಡುಗ್ತಿದ್ದ ಕತ್ತೆಗೆ ತಮ್ಮ ಮಫ್ಲರನ್ನೇ ಸುತ್ತಿದ್ರಂತೆ. ಅದೇ ಸರಿ ಉತ್ತರ. ಅವರ ಆತ್ಮಕತೆಯಲ್ಲೇ ಇದೆ."

"ಆ ಯಜಮಾನ್ರು ಕತ್ತೆ ಮುಖ ನೋಡಿದ್ದೇ ನಮ್ಮ ಹಾಳೆ ಮೇಲೆ! ಮಫ್ಲರ್ ಕಂಡ ದಿನ ನನ್ನ ಮೇಲೆ ಹರಿಹಾಯ್ದ್ರು. ಜನ ಚಪ್ಪಾಳೆ ತಟ್ಟಿದ್ಮೇಲೆ ಅದು ಅವರದ್ದಾಯ್ತು."

ಮೊಮ್ಮಗಳು ತೋಳು ಜಗ್ಗಿದಳು. "ಅಜ್ಜೀ, ಹೋಗ್ಲಿ ಬಿಡು. ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ. ಅವತ್ತು ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಅದಕ್ಕೇ ಇವತ್ತು ಚೀಟಿ ಮಾತಾಡ್ತಿದೆ."

"ಚೀಟೀಲಿ ಇರೋದಕ್ಕೇ ಅಂಕ ಕೊಡೋಕಾಗೋದು," ಎಂದು ಮೇಷ್ಟ್ರು ಕೈಚೆಲ್ಲಿದರು. ಅಂಕ ಎದುರಿನ ಮೇಜಿಗೆ ಹೋಯಿತು, ಅದರ ಹಿಂದೆಯೇ ಬಹುಮಾನದ ಕಪ್ಪೂ ಹೋಯಿತು.

ಅಜ್ಜಿ ಎದ್ದು ನೇರ ವೇದಿಕೆ ಹತ್ತಿ ಕೈ ಚಾಚಿದಳು. ಮೇಷ್ಟ್ರು ಚೀಟಿ ಕೊಟ್ಟರು. ಅದನ್ನು ಮಗುಚಿ, ಅವರ ಜೇಬಿನ ಪೆನ್ನನ್ನೇ ಕಿತ್ತುಕೊಂಡು, ನಾಲ್ಕೇ ಗೆರೆಯಲ್ಲಿ ಕತ್ತೆಯ ತಲೆ, ಕೆಳಗೆ ಮೈ, ನಡುವೆ ಖಾಲಿ ಸಂದು ಬರೆದಳು. ಆಮೇಲೆ ಒಂದೇ ಎಳೆತಕ್ಕೆ ಮಫ್ಲರ್. ಸಂದು ಮಾಯ! ಮುಂದಿನ ಸಾಲಿನವರು ಕುತ್ತಿಗೆ ಉದ್ದ ಮಾಡಿದರು. ಮೇಷ್ಟ್ರ ನಗು ಮುಖದಲ್ಲೇ ಇಂಗಿತು.

"ಮುಂದಿನ ಸಲ ಈ ಮಗ್ಗುಲು ಓದಿ," ಎಂದು ಚೀಟಿಯನ್ನು ಅವರ ಅಂಗೈಗೆ ಒತ್ತಿದಳು.

ಮೇಷ್ಟ್ರು ಅದನ್ನು ಉಳಿದ ಚೀಟಿಗಳ ಜೊತೆ ಸೇರಿಸಲಿಲ್ಲ, ಜೇಬಿಗಿಟ್ಟುಕೊಂಡರು.

ಮೆಟ್ಟಿಲಿಳಿಯುವಾಗ ಮೊಮ್ಮಗಳು ಕೇಳಿದಳು, "ಅಜ್ಜೀ, ಅದೇ ಕಾರ್ಟೂನಲ್ಲಿರೋ ನರಿಗೆ ಟೋಪಿ ಯಾಕೆ?"

"ಕಿವಿ ಬರೆಯೋಕೆ ಬೇಜಾರಾಗಿತ್ತು ಕಣೇ."