ಮಲಗಿದ್ದ ಕಲ್ಲು

ಅಳತೆ ಟೇಪಿನ ತುದಿ ಸೊಸೆಯ ಕೈಯಲ್ಲೇ ಇತ್ತು. ಬಿಗಿಯಾಗಿ ಹಿಡಿಯಮ್ಮ, ಜೋಲು ಬೀಳಬಾರದು ಎಂದು ಸರ್ವೇಯರ್ ದೂರದಿಂದ ಕೂಗಿದ. ಅವಳು ಬಿಗಿಯಾಗಿ ಹಿಡಿದಳು. ಹಿಡಿದ ಮೇಲೆ ಹೊಳೆಯಿತು: ತಮ್ಮ ಅಂಗಳ ಕೈಬಿಟ್ಟು ಹೋಗುವ ಕೆಲಸಕ್ಕೆ ತಾನೇ ಕೈ ಜೋಡಿಸುತ್ತಿದ್ದಾಳೆ.

ತಲೆಯ ಮೇಲೆ ಅವರು ಒಗೆದು ಹಾಕಿದ ಲಾಡ್ಜಿನ ಒದ್ದೆ ಚಾದರಗಳು ಸಾಲಾಗಿ ನೇತಾಡುತ್ತಿದ್ದವು. ಟೇಪು ನೀರಿನ ತೊಟ್ಟಿಯ ಪಕ್ಕದ ಒಗೆಯುವ ಕಲ್ಲಿನಿಂದ ಹೊರಟು, ಚಾದರಗಳ ಅಡಿ ಹಾದು, ಹಿಂದಿನ ಖಾಲಿ ಜಾಗದ ಕೊನೆಯ ತನಕ ಹೋಗಿತ್ತು. ಆ ಖಾಲಿ ಜಾಗವನ್ನು ಲೀಸಿಗೆ ಪಡೆದು ರಿಜಿಸ್ಟರ್ ಮಾಡಿಸಿಕೊಂಡವನು ಚಾದರ ಸರಿಸುತ್ತಾ ಓಡಾಡುತ್ತಿದ್ದ. ಸೋಪಿನ ನೀರು ಹರಿಯುವ ಕಡೆಗೆ ಬಿಳಿ ಶೂ ಹಾಕಿಕೊಂಡು ಬಂದಿದ್ದರಿಂದ ಅತ್ತೆ ಬೆಳಿಗ್ಗೆಯೇ ಅವನಿಗೆ ಬಿಳಿ ಶೂ ಎಂದು ಹೆಸರಿಟ್ಟಿದ್ದಳು.

ಒಗೆಯುವ ಕಲ್ಲಿನ ಅಂಚಿನಲ್ಲಿ ಅಡ್ಡಕ್ಕೊಂದು ಉದ್ದಕ್ಕೊಂದು ಗೀರಿತ್ತು. ಮದುವೆಯಾಗಿ ಬಂದಾಗಿನಿಂದ ಸೊಸೆ ದಿನಾ ಸಂಜೆ ಅದರಲ್ಲಿ ಕೂತ ಸೋಪನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ಯಾರು ಕೆತ್ತಿದ್ದು, ಯಾಕೆ ಎಂದು ಕೇಳಿದವಳಲ್ಲ. ಇವತ್ತು ಸರ್ವೇಯರ್ ಅದನ್ನು ಕಂಡು, ಇದೇ ಗಡಿಕಲ್ಲು ಎಂದುಬಿಟ್ಟ. ಗಡಿಕಲ್ಲು ಮಲಗಿರುತ್ತಾ ಎಂದು ಅವಳು ಕೇಳಿದ್ದಕ್ಕೆ, ನಿಂತಿದ್ದು ಬಿದ್ದಿದೆ ಅಷ್ಟೇ ಎಂದು ಬಿಳಿ ಶೂ ಉತ್ತರಿಸಿದ್ದ.

ಅಳತೆ ಮಾತ್ರ ಲೀಸಿನ ಕಾಗದದಲ್ಲಿರುವುದಕ್ಕಿಂತ ಉದ್ದ ಬರುತ್ತಿತ್ತು. ಸರ್ವೇಯರ್ ತಲೆ ಕೆರೆದುಕೊಂಡ.

"ಜಾಸ್ತಿ ಬಂದ್ರೆ ಬರ್ಲಿ ಬಿಡಿ," ಎಂದ ಬಿಳಿ ಶೂ. "ಕಡಿಮೆ ಬಂದಿದ್ರೆ ತಲೆ ಕೆಡಿಸ್ಕೋಬಹುದಿತ್ತು."

ಕಾಗದಕ್ಕೂ ಕಲ್ಲಿಗೂ ಜಗಳ ಬಂದರೆ ಕಲ್ಲಿನ ಮಾತೇ ನಡೆಯುವುದು ಎಂದು ಸರ್ವೇಯರ್ ಒಪ್ಪಿಕೊಂಡ. ಅಂದರೆ ತೊಟ್ಟಿ, ಶೆಡ್ಡು, ಬಟ್ಟೆ ಹಗ್ಗ ಎಲ್ಲವೂ ಲೀಸಿನೊಳಗೆ. ಕಲ್ಲಿಗೆ ಗಡಿ ಗುರುತು ಬಳಿಯಲು ಅವನು ಕೆಂಪು ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತಾ ಕೂತ.

ಬೆಳಿಗ್ಗೆಯಿಂದ ಎಲ್ಲರ ಕಾಲೆಳೆಯುತ್ತಿದ್ದ ಅತ್ತೆ ಈಗ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಒಣಗಿದ ಟವೆಲ್ ಹಿಂಡುತ್ತಿದ್ದಳು.

"ಅತ್ತೆ, ಏನಾದ್ರೂ ಹೇಳಿ. ನಿಮ್ಮ ಬಾಯಿಗೆ ಇವತ್ತೇ ಬೀಗ ಬೀಳ್ಬೇಕಿತ್ತಾ?"

"ಹೇಳಿದ್ರೆ ಜೈಲು, ಹೇಳ್ದಿದ್ರೆ ಬೀದಿ. ಯಾವ್ದು ಬೇಕು ನಿಂಗೆ?"

ಆಮೇಲೆ ಪಿಸುಗುಟ್ಟಿದಳು. ಮಾವ ಈ ಜಾಗಕ್ಕೆ ಬಂದ ಹೊಸತರಲ್ಲಿ ಕಂಬಳಿ ಬಡಿಯಲು ಗಟ್ಟಿ ಕಲ್ಲಿರಲಿಲ್ಲ. ಅಂಗಳದ ಆ ತುದಿಯಲ್ಲೊಂದು ನುಣ್ಣನೆಯ ಕಲ್ಲು ಕೆಲಸವಿಲ್ಲದೆ ನಿಂತಿತ್ತು. ಸುಮ್ಮನೆ ನಿಂತದ್ದು ಯಾವುದನ್ನೂ ನೋಡಲಾಗದ ಮನುಷ್ಯ ಅವನು. ಕಿತ್ತು, ಉರುಳಿಸಿಕೊಂಡು ಬಂದು, ತೊಟ್ಟಿಯ ಪಕ್ಕ ಮಲಗಿಸಿದ. ಗಡಿಕಲ್ಲು ಕಿತ್ತರೆ ಜೈಲು ಎಂದು ಆಮೇಲೆ ಯಾರೋ ಹೇಳಿದ್ದೇ ತಡ, ಯಾರಿಗೂ ಬಾಯಿ ಬಿಡಬಾರದೆಂದು ಹೆಂಡತಿಯಿಂದ ಆಣೆ ಹಾಕಿಸಿಕೊಂಡ. ಅವನು ಹೋದ, ಆಣೆ ಉಳಿಯಿತು.

"ಕಿತ್ತ ಗುಂಡಿ?"

"ಗುಂಡಿ ಹೆಂಗೂ ಇತ್ತಲ್ಲ, ಬಟ್ಟೆ ಹಗ್ಗದ ಕಂಬ ನೆಟ್ರು."

ಸೊಸೆ ಅಂಗಳದ ತುದಿಯ ಕಂಬ ನೋಡಿದಳು. ಟೇಪು ಬಿಟ್ಟಳು. ಅದು ಹಾವಿನಂತೆ ಚಾದರಗಳ ಅಡಿ ಸರ್ರನೆ ಓಡಿತು.

"ಏಳಿ ಅತ್ತೆ. ಜೈಲಲ್ಲೂ ಬಟ್ಟೆ ಒಗೆಯೋದೇ ತಾನೆ, ನಿಮಗೇನು ಹೊಸದಾ?"

ಅತ್ತೆ ಎದ್ದು ಹೋಗಿ ಎಲ್ಲವನ್ನೂ ಹೇಳಿದಳು, ಗಂಡನ ಬೈಗುಳಗಳ ಸಮೇತ. ಬಿಳಿ ಶೂ ಒಳ್ಳೇ ಕಥೆ ಎಂದು ನಕ್ಕ. ಸರ್ವೇಯರ್ ನಗಲಿಲ್ಲ. ಖಾಲಿ ಜಾಗದ ಆ ಕೊನೆಯಲ್ಲಿ ಇನ್ನೂ ನೆಟ್ಟಗೆ ನಿಂತಿದ್ದ ಕಲ್ಲಿಗೆ ಟೇಪಿನ ತುದಿ ಸಿಕ್ಕಿಸಿ, ಕಾಗದದಲ್ಲಿದ್ದಷ್ಟೇ ಉದ್ದ ಬಿಡುತ್ತಾ ಹಿಮ್ಮುಖವಾಗಿ ನಡೆದು ಬಂದ. ಬೆನ್ನು ಕಂಬಕ್ಕೆ ಬಡಿಯಿತು. ಒದ್ದೆ ಚಾದರವೊಂದು ಜಾರಿ ಅವನ ತಲೆಯ ಮೇಲೆ ಬಿತ್ತು.

"ಇಲ್ಲೇ," ಎಂದಿತು ಚಾದರ.

ಪಕ್ಕದ ಗೋಡೆಯ ಮೂಲೆಯಿಂದ ಇನ್ನೊಮ್ಮೆ ಅಳೆದ. ಮತ್ತೆ ಕಂಬವೇ. ಲೀಸು ಕಂಬದ ಆಚೆಗೆ, ಅಂಗಳ ಈಚೆಗೆ. ಕಲ್ಲನ್ನು ಅದರ ಗುಂಡಿಗೆ ವಾಪಸ್ ನೆಡಬೇಕು, ಸತ್ತವರ ಮೇಲೆ ಕೇಸು ಹಾಕಲು ತನಗೆ ಪುರುಸೊತ್ತಿಲ್ಲ ಎಂದು ಹೇಳಿ, ಬಣ್ಣದ ಡಬ್ಬಿ ಮುಚ್ಚಿ ಹೊರಟ.

ಅತ್ತೆ ಬಕೆಟ್ಟಿನ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೊಸೆಗೆ ಆಗ ಅಂಗೈ ಉರಿಯುವುದು ಗೊತ್ತಾಯಿತು. ಟೇಪಿನ ಅಂಚು ಕೆಂಪಗೆ ಗೆರೆ ಎಳೆದಿತ್ತು. ತೊಟ್ಟಿಯ ನೀರಿಗೆ ಎರಡೂ ಕೈ ಅದ್ದಿದಳು. ಹಾಯೆನಿಸಿತು.

ಬಿಳಿ ಶೂ ಮಾತ್ರ ಹೋಗಿರಲಿಲ್ಲ. ಈಗ ಅವನ ದನಿ ಮೆತ್ತಗಿತ್ತು. ಈ ಅಂಗಳಕ್ಕೆ ನಿಮ್ಮ ಹತ್ತಿರವೂ ಕಾಗದ ಇಲ್ಲವಲ್ಲ, ನಾಳೆ ಇನ್ಯಾರೋ ಬರುತ್ತಾರೆ ಎಂದ. ಇದನ್ನೂ ತನ್ನ ಲೀಸಿಗೆ ಸೇರಿಸಿಕೊಳ್ಳುತ್ತಾನಂತೆ. ಬಾಡಿಗೆ ಬೇಡವಂತೆ. ಅವನ ಅನುಮತಿಯಿಂದ ಇದ್ದೇವೆ ಎಂದೊಂದು ಸಹಿ ಹಾಕಿದರೆ ಸಾಕು, ಯಾರೂ ಮುಟ್ಟುವುದಿಲ್ಲ. ಒಗೆಯಲು ಹೊಸ ಗ್ರಾನೈಟ್ ಕಲ್ಲು ಬೇರೆ.

ಸೊಸೆಗೆ ಕೆಟ್ಟ ಮಾತು ಎನಿಸಲಿಲ್ಲ. ನಾಳೆ ಕಂಬಳಿ ಬಡಿಯಲು ಕಲ್ಲೇ ಇಲ್ಲ. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ನೋಡುತ್ತಿದ್ದದ್ದು ಅವನ ಪಾದಗಳನ್ನು. ಕೆಸರು ಲೇಸಿನ ತನಕ ಏರಿತ್ತು.

"ಶೂ ಬೇಕಾದ್ರೆ ಬಿಚ್ಚಿ ಕೊಡಿ, ತೊಳ್ಕೊಡ್ತೀನಿ," ಎಂದಳು ಅತ್ತೆ. "ಇವತ್ತು ಅನುಮತಿ ಕೊಟ್ಟೋರು ನಾಳೆ ಎದ್ದೋಗಿ ಅಂತಾರೆ. ಸಹಿ ಹಾಕಲ್ಲ."