ಓಕ್‌ಬುನ್ ಅಕ್ಕನನ್ನು ಊಟಕ್ಕೆ ಕರೆದವರು

ತಲೆ ನೋಡಿ ಬೆಲೆ ಕಟ್ಟುವುದು ನಮ್ಮ ಕಸುಬು. ಕೂದಲ ವ್ಯಾಪಾರಿಯ ಕಣ್ಣು ಮನುಷ್ಯನ ಮುಖಕ್ಕೆ ಇಳಿಯುವ ಮೊದಲೇ ಅವನ ನೆತ್ತಿಯನ್ನು ತೂಗಿ, ಉದ್ದವನ್ನು ಅಳೆದು, ಎಣ್ಣೆಯ ಭಾರವನ್ನು ಕಳೆದು, ಇಷ್ಟಕ್ಕೆ ಕೊಂಡರೆ ಇಷ್ಟು ಉಳಿದೀತು ಎಂದು ತೀರ್ಮಾನಿಸಿಬಿಟ್ಟಿರುತ್ತದೆ. ಆ ಪ್ರಕಾರ, ಮೋಕ್ ಇನ್‌ಸಿಕ್ ಅವರು ಸಿಯೋಲ್ ನಗರದ ನನ್ನ ಅಂಗಡಿಯ ಹೊಸ್ತಿಲು ದಾಟಿದ ದಿನ ಅವರ ಬೆಲೆ ಸೊನ್ನೆ. ತಲೆ ಬೋರಲು ಹಾಕಿದ ಬಟ್ಟಲಿನಂತೆ ನುಣ್ಣಗಿತ್ತು. ಮೈಮೇಲೆ ಸೈನಿಕರು ಮಾರಿಹೋದ ಹಸಿರು ಕೋಟು, ಕಪ್ಪು ಬಣ್ಣದಲ್ಲಿ ಅದ್ದಿ ತೆಗೆದದ್ದು; ಯುದ್ಧ ಮುಗಿದ ಮೇಲೆ ನಮ್ಮೂರಿನ ಅರ್ಧ ಗಂಡಸರು ಅಂಥದ್ದನ್ನೇ ತೊಟ್ಟಿದ್ದರು ನಿಜ, ಆದರೆ ಅವರು ಬೇಸಿಗೆ ಬಂದಾಗ ಬಿಚ್ಚುತ್ತಿದ್ದರು. ಇವರು ಬಿಚ್ಚುತ್ತಿರಲಿಲ್ಲ. ಕಂಕುಳಲ್ಲಿ ಕಪ್ಪು ಹೋಗಿ ಹಳೆಯ ಹಸಿರು ಇಣುಕುತ್ತಿತ್ತು. ಕಾಲಲ್ಲಿ ಬೂಟುಗಳು ಎರಡಿದ್ದವು, ಆದರೆ ಅವು ಒಂದೇ ಜೋಡಿಯವಾಗಿರಲಿಲ್ಲ. ಇನ್ನು ನಡಿಗೆ: ಕೆಲವು ಹೆಜ್ಜೆ ಬಿರಬಿರನೆ ಹಾಕಿ, ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದಂತೆ ತಟ್ಟನೆ ನಿಂತು, ಕಿವಿಗೊಟ್ಟು, ಮತ್ತೆ ಬಿರಬಿರನೆ. ಸಿನಿಮಾದವರ ಬೀದಿಯಾದ ಛುಂಗ್‌ಮುರೊದಲ್ಲಿ ಅವರ ಬೆನ್ನಿಗೆ ಡಿಕ್ಕಿ ಹೊಡೆಯದ ಸೈಕಲ್ ಸವಾರ ಇರಲಾರ.

ಆಗಿನ್ನೂ ಅವರು ಹೆಸರು ಮಾಡಿರಲಿಲ್ಲ. ಕಣ್ಣೀರಿನ ಚಿತ್ರಗಳೆರಡನ್ನು ತೆಗೆದು, ನಿರ್ಮಾಪಕರ ಕಣ್ಣಲ್ಲಷ್ಟೇ ನೀರು ತರಿಸಿದ್ದರು. ಮೂರನೆಯದು ದೆವ್ವದ ಚಿತ್ರ, ದೆವ್ವಕ್ಕೆ ಕೂದಲು ಬೇಕು ಎಂದರು. ಕುದುರೆಬಾಲದ ಕೂದಲು ತೋರಿಸಿದೆ, ಬೇಡವೆಂದರು. ನೈಲಾನು ತೋರಿಸಿದೆ, ಅದನ್ನು ಮುಟ್ಟಲೂ ಇಲ್ಲ. ಕೊನೆಗೆ ಸಾಗರದಾಚೆಯ ಹೆಂಗಸರ ತಲೆಗಾಗಿ ಕಟ್ಟಿಟ್ಟಿದ್ದ ಒಳ್ಳೆಯ ಸರಕನ್ನೇ ಬಿಚ್ಚಿದೆ. ಅವರು ಒಂದು ಕಂತೆಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಕೇಳಿದರು:

"ಇದು ಯಾರದ್ದು?"

"ನಂದೇ, ಸ್ವಾಮಿ. ದುಡ್ಡು ಕೊಟ್ರೆ ನಿಮ್ದು."

"ಅಲ್ಲ, ಈ ಹೆಣ್ಣುಮಗಳ ಹೆಸರೇನು ಅಂತ."

ನಮ್ಮ ವ್ಯಾಪಾರದಲ್ಲಿ ಕೂದಲಿಗೆ ಹೆಸರಿಲ್ಲ. ಹಳ್ಳಿ ಹಳ್ಳಿ ತಿರುಗುವವರು ಕತ್ತರಿಸಿ ತರುತ್ತಾರೆ; ನಾವು ಮೊಳೆಹಲಗೆಯ ಮೇಲೆ ಬಾಚಿ, ಉದ್ದ ನೋಡಿ ವಿಂಗಡಿಸಿ, ಬುಡ ಕಟ್ಟಿ ಇಡುತ್ತೇವೆ. ಇದನ್ನೆಲ್ಲ ಅವರಿಗೆ ವಿವರಿಸಿದೆ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿ, ಕೊನೆಗೆ "ಆಮೇಲೆ?" ಎಂದರು.

ಈ "ಆಮೇಲೆ?" ಎಂಬುದು ಅವರ ಬಾಯಿಗೆ ಅಂಟಿದ ಮಾತು. ಹವಾಮಾನ ಹೇಳಿದರೂ ಆಮೇಲೆ, ಹೆಂಡತಿಯ ಬೇನೆ ಹೇಳಿದರೂ ಆಮೇಲೆ, ಬೆಲೆ ಹೇಳಿದರಂತೂ ಆಮೇಲೆ. ಚೌಕಾಶಿಯಲ್ಲಿ ಇದಕ್ಕಿಂತ ಕ್ರೂರವಾದ ಆಯುಧವನ್ನು ನಾನು ಕಂಡಿಲ್ಲ. ಹೇಳಿದ ದರ ಸಾಲದೇನೋ, ಇನ್ನೂ ಏನೋ ಹೇಳುವುದಿತ್ತೇನೋ ಎಂದು ಮಾರುವವನೇ ತಡವರಿಸಿ ತನ್ನ ದರ ತಾನೇ ಇಳಿಸಿಬಿಡುತ್ತಾನೆ. ಆದರೆ ಅವರು ಅದನ್ನು ಆಯುಧವಾಗಿ ಬಳಸುತ್ತಿರಲಿಲ್ಲ ಎಂಬುದು ತಿಳಿಯಲು ನನಗೆ ಕಾಲ ಹಿಡಿಯಿತು. ಅವರಿಗೆ ನಿಜವಾಗಿ ಆಮೇಲಿನದು ಬೇಕಾಗಿತ್ತು.

ಹೆಸರಿಲ್ಲದ ಕೂದಲು ಒಲ್ಲೆನೆಂದು ಅವರು ಏಳುವಾಗ, ಅಂಗಡಿಯ ಹಿಂಬದಿಯಲ್ಲಿ ಮೊಳೆಹಲಗೆಯ ಮುಂದೆ ಕೂತಿದ್ದ ನನ್ನವ್ವ ಬಾಚುವುದನ್ನು ನಿಲ್ಲಿಸಿದಳು. ಅವ್ವ ಗಿರಾಕಿಗಳ ಮುಂದೆ ಮಾತಾಡಿದವಳಲ್ಲ.

"ಹೆಸರಿರೋ ಕೂದ್ಲು ಒಂದಿದೆ," ಎಂದಳು.

ಒಳಗೆ ಹೋಗಿ, ಪೆಟ್ಟಿಗೆಯ ತಳದಿಂದ, ಹಳೆಯ ಲಂಗದ ಬಟ್ಟೆಯಲ್ಲಿ ಸುತ್ತಿದ್ದ ಜಡೆಯನ್ನು ತಂದಳು. ತುದಿಯಲ್ಲಿ ಕೆಂಪು ಪಟ್ಟಿ ಇನ್ನೂ ಇತ್ತು. ಮದುವೆಯಾಗದ ಹೆಣ್ಣುಮಕ್ಕಳು ಕಟ್ಟುವಂಥದ್ದು. ಅದು ನನ್ನ ಅಕ್ಕ ಓಕ್‌ಬುನ್‌ಳ ಜಡೆ. ಸಂಬಂಧ ಗೊತ್ತಾದ ವಸಂತದಲ್ಲೇ ಜ್ವರ ಬಂದು, ಜ್ವರ ತಲೆಗೇರಿದಾಗ ವೈದ್ಯರು ಕತ್ತರಿಸಲು ಹೇಳಿದ್ದ ಜಡೆ. ಜಡೆ ಉಳಿಯಿತು, ಅಕ್ಕ ಉಳಿಯಲಿಲ್ಲ. ಮದುವೆಯಾಗದೆ ಸತ್ತ ಹೆಣ್ಣಿಗೆ ನಮ್ಮಲ್ಲಿ ಹಿರಿಯರ ಸಾಲಿನಲ್ಲಿ ಜಾಗವಿಲ್ಲ. ಸುಗ್ಗಿಯ ಹುಣ್ಣಿಮೆಗೆ ಎಡೆ ಇಡುವಾಗ ಮುತ್ತಜ್ಜನ ಮುತ್ತಜ್ಜನನ್ನೂ ಕರೆಯುತ್ತೇವೆ, ಅವಳನ್ನು ಕರೆಯುವಂತಿಲ್ಲ. ಅಪ್ಪ ಈ ವಿಷಯದಲ್ಲಿ ಕಲ್ಲು. ಮನೆಯಲ್ಲಿ ಅವಳ ಹೆಸರೆತ್ತಿದರೆ ಊಟ ಬಿಟ್ಟು ಏಳುತ್ತಿದ್ದ. ಕರೆಯುವವರಿಲ್ಲದ ಹೆಣ್ಣು ಹಸಿದು ಅಲೆಯುತ್ತಾಳೆ ಎಂಬುದು ಅವ್ವನ ಎದೆಯಲ್ಲಿ ನೆಟ್ಟಿದ್ದ ಮುಳ್ಳು. ಪ್ರತಿ ಹುಣ್ಣಿಮೆಗೂ ಬಡಿಸುತ್ತ ಬಡಿಸುತ್ತ ಅವಳು ಬಾಗಿಲ ಕಡೆ ನೋಡುತ್ತಿದ್ದಳು.

ಮೋಕ್ ಅವರು ಮತ್ತೆ ಕೂತರು. ಹೆಸರು ಕೇಳಿದರು, ಅವ್ವ ಹೇಳಿದಳು. ಆಮೇಲೆ ಎಂದರು. ನಗುವಾಗ ಬಾಯಿಗೆ ಕೈ ಅಡ್ಡ ಹಿಡೀತಿದ್ಲು ಎಂದಳು. ಆಮೇಲೆ? ಕಪ್ಪೆ ಕಂಡರೆ ಹೆದರುತ್ತಿದ್ದಳು, ಅಪ್ಪನಿಗೆ ಹೆದರುತ್ತಿರಲಿಲ್ಲ. ಆಮೇಲೆ? ಎಷ್ಟು ಒಳ್ಳೆಯ ಅನ್ನ ಮಾಡಿದರೂ ಅವಳಿಗೆ ಬೇಕಾಗಿದ್ದದ್ದು ಮಡಕೆಯ ತಳ ಹಿಡಿದ ಹಕ್ಕಳೆ, ಅದಕ್ಕಾಗಿ ನನ್ನ ಜೊತೆ ಕಿತ್ತಾಡುತ್ತಿದ್ದಳು. ಹೀಗೆ ಅವ್ವ, ಯಾರೂ ಕೇಳದೆ ಹುಳಿಹಿಡಿದು ಹೋಗಿದ್ದ ಮಾತನ್ನೆಲ್ಲ, ಬೂಟು ಜೋಡಿಯಿಲ್ಲದ ಒಬ್ಬ ಅಪರಿಚಿತನ ಮುಂದೆ ಮಧ್ಯಾಹ್ನವಿಡೀ ಹರವಿದಳು. ನಾನು ಆ ಹೊತ್ತಿನಲ್ಲಿ ಬಂದ ಗಿರಾಕಿಗಳನ್ನು ವಾಪಸು ಕಳಿಸಿದೆ.

ಕೊನೆಗೆ ಬೆಲೆಯ ಮಾತು ಬಂತು.

"ದುಡ್ಡು ಬೇಡಪ್ಪ," ಎಂದಳು ಅವ್ವ. "ನೀವು ಸಿನಿಮಾದೋರು ಕೆಲಸ ಶುರು ಮಾಡೋವಾಗ ಎಡೆ ಇಡ್ತೀರಂತಲ್ಲ. ಅಲ್ಲಿ ಇವಳನ್ನೂ ಊಟಕ್ಕೆ ಕರೀಬೇಕು. ಹೆಸರು ಹಿಡಿದು. ನಮ್ಮನೇಲಿ ಕರೆಯೋ ಹಾಗಿಲ್ಲ."

"ಒಂದ್ಸಲವೋ, ಪ್ರತಿ ಸಲವೋ?"

"ಹೊಟ್ಟೆ ಅನ್ನೋದು ಒಂದ್ಸಲಕ್ಕೆ ತುಂಬೋದಾ?"

ಮೋಕ್ ಅವರು ಬೋಳುತಲೆಯನ್ನು ನೆಲಕ್ಕೆ ತಾಗಿಸಿ ಅವ್ವನಿಗೆ ನಮಸ್ಕರಿಸಿದರು. ನಾನು ಜೀವಮಾನವಿಡೀ ವ್ಯಾಪಾರ ಮಾಡಿದ್ದೇನೆ. ನಮ್ಮ ಅಂಗಡಿಯಲ್ಲಿ ನಡೆದ ಅತ್ಯಂತ ಲಾಭದ ವ್ಯವಹಾರವನ್ನು ಕುದುರಿಸಿದವಳು ವ್ಯಾಪಾರವೇ ಗೊತ್ತಿಲ್ಲದ ನನ್ನವ್ವ.

ಚಿತ್ರೀಕರಣದ ಮೊದಲ ಬೆಳಿಗ್ಗೆ ನಾನು ಹೋದೆ, ಮಾತು ಉಳಿಸಿಕೊಳ್ಳುತ್ತಾರೋ ಇಲ್ಲವೋ ನೋಡೋಣವೆಂದೇ ಹೋದೆ. ಬೇಯಿಸಿದ ಹಂದಿಯ ತಲೆ, ಕೆಂಪು ಅವರೆಯ ಅಕ್ಕಿಕಡುಬು, ಮಕ್‌ಗೊಲ್ಲಿ ಎಂಬ ಅಕ್ಕಿಹೆಂಡದ ಹಂಡೆ, ಎಲ್ಲರೂ ಸಾಲಾಗಿ ಬಂದು ಬಾಗಿ ಹಂದಿಯ ಬಾಯಿಗೆ ನೋಟು ಸಿಕ್ಕಿಸುತ್ತಿದ್ದರು. ಅದೆಲ್ಲ ಎಲ್ಲ ಸಿನಿಮಾದವರೂ ಮಾಡುವುದೇ. ಆದರೆ ಪಕ್ಕದಲ್ಲಿ ಒಂದು ಗಿಡ್ಡ ಮಣೆ, ಅದರ ಮೇಲೆ ಒಂದೇ ಬಟ್ಟಲು, ಅದರಲ್ಲಿ ತಳ ಹಿಡಿದ ಅನ್ನದ ಹಕ್ಕಳೆ. ಮೋಕ್ ಅವರು, ಸತ್ತವರಿಗೆ ಬಡಿಸುವಾಗ ಮಾಡುವಂತೆ, ಅನ್ನದಲ್ಲಿ ಚಮಚ ನೆಟ್ಟು ನಿಲ್ಲಿಸಿ, ಮನೆಯವಳನ್ನು ಕರೆದಷ್ಟೇ ಸಲೀಸಾಗಿ, "ಓಕ್‌ಬುನ್ ಅಕ್ಕಾ, ಬನ್ನಿ, ಊಟ ಮಾಡಿ," ಎಂದರು. ಅಕ್ಕ ಅವರಿಗಿಂತ ಚಿಕ್ಕವಳು. ಆದರೂ ಅಕ್ಕಾ ಎಂದರು. ನಾನು ಹಂದಿಯ ಬಾಯಿಗೆ ಯೋಚಿಸಿದ್ದಕ್ಕಿಂತ ದೊಡ್ಡ ನೋಟು ಸಿಕ್ಕಿಸಿ ಬಂದೆ. ಕೈ ಜಾರಿತು ಎಂದು ಹೆಂಡತಿಗೆ ಹೇಳಿದೆ.

ಆ ಚಿತ್ರ ಬೇಸಿಗೆಯ ಉರಿಯಲ್ಲಿ ಬಿಡುಗಡೆಯಾಯಿತು, ಮೈ ತಣ್ಣಗಾಗಲೆಂದು ಜನ ದೆವ್ವ ನೋಡಲು ಬರುವ ದಿನಗಳಲ್ಲಿ. ಚಿತ್ರ ಹೇಗಿದೆ ಎಂದು ತಿಳಿಯಲು ನಾನು ಪತ್ರಿಕೆ ಓದಲಿಲ್ಲ. ಥಿಯೇಟರಿನಲ್ಲಿ ಒಣಮೀನು ಮಾರುವ ಮುದುಕಿಯನ್ನು ಕೇಳಿದೆ. ಅವಳು ಮೋಕ್ ಅವರನ್ನು ವಾಚಾಮಗೋಚರವಾಗಿ ಬೈದಳು. "ನನ್ನ ವ್ಯಾಪಾರ ಮುಳುಗಿಸಿದ ಕಣಯ್ಯಾ ಆ ಬೋಳ. ತೆರೆದ ಬಾಯಿ ಮುಚ್ಚಲ್ಲ, ಮುಚ್ಚಿದ ಬಾಯಿ ತೆರೆಯಲ್ಲ. ಒಬ್ರೂ ಅಗಿಯಲ್ಲ." ಇದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆ ಅವರಿಗೆ ಬದುಕಿನಲ್ಲಿ ಸಿಗಲಿಲ್ಲ.

ಕಥೆ ಹಳೆಯ ಬಗೆಯದೇ. ಅನ್ಯಾಯವಾಗಿ ಸತ್ತ ಹೆಣ್ಣು ನ್ಯಾಯ ಕೇಳಲು ಊರಿನ ಅಧಿಕಾರಿಯ ಕೋಣೆಗೆ ಬರುತ್ತಾಳೆ. ಬಂದ ಬಂದ ಅಧಿಕಾರಿಗಳೆಲ್ಲ ಅವಳನ್ನು ಕಂಡ ಹೆದರಿಕೆಗೇ ಸಾಯುತ್ತಾರೆ. ಹೊಸ ಅಧಿಕಾರಿ ಬರುತ್ತಾನೆ. ಕಾಗದದ ಬಾಗಿಲಿನ ಮೇಲೆ ಕೂದಲ ನೆರಳು ಇಳಿಯುತ್ತದೆ, ಮುಖ ಕಾಣುವುದೇ ಇಲ್ಲ, ಕೂದಲಷ್ಟೇ. ಅವನೂ ನಡುಗುತ್ತಾನೆ. ನಡುಗುತ್ತಲೇ ಕೂತು, ಅವಳು ಮಾತು ನಿಲ್ಲಿಸಿದಾಗ, "ಆಮೇಲೆ?" ಎನ್ನುತ್ತಾನೆ. ಥಿಯೇಟರಿನಲ್ಲಿ ಹೆಂಗಸರು ಬಿಕ್ಕಿದ್ದು ಅಲ್ಲಿ. ದೆವ್ವಕ್ಕೆ ಕೋರೆಹಲ್ಲು ಹಚ್ಚಿ, ರಕ್ತ ಸುರಿಸಿ ಎಂದು ದಕ್ಷಿಣ ಪ್ರಾಂತಗಳ ಹಂಚಿಕೆದಾರರು ಅವರನ್ನು ಕಡೆಯತನಕ ಕಾಡಿದರು. ಅವರು ಅದನ್ನೂ ತಲೆಯಾಡಿಸುತ್ತ ಕೇಳಿ, ಆಮೇಲೆ ಎಂದು, ತಮಗೆ ಬೇಕಾದ ಹಾಗೆಯೇ ತೆಗೆದರು.

ಅವ್ವ ಅಪ್ಪನನ್ನು ಹೇಗೋ ಪುಸಲಾಯಿಸಿ ಕರೆದುಕೊಂಡು ಹೋದಳು, ಒಳಗೆ ತಂಪಾಗಿರುತ್ತದೆ ಎಂದು ಸುಳ್ಳು ಹೇಳಿ. ಜಡೆಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಅಪ್ಪ ಹೊರಗೆ ಬಿಸಿಲಿಗೆ ಬಂದ. ಅವನ ಬಾಯಿಂದ ಏನು ಬರುತ್ತದೋ ಎಂದು ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ.

"ಕೂದ್ಲು ಚೆನ್ನಾಗಿತ್ತು," ಎಂದ. ಆ ದಿನ ಊಟ ಬಿಟ್ಟು ಏಳಲಿಲ್ಲ.

ಆ ಕೂದಲು ಮೋಕ್ ಅವರ ಮುಂದಿನ ದೆವ್ವಗಳೆಲ್ಲದರ ತಲೆಯನ್ನೂ ಏರಿತು, ಬಟ್ಟಲು ಪ್ರತಿ ಚಿತ್ರದ ಮೊದಲ ಬೆಳಿಗ್ಗೆಯೂ ಮಣೆಯೇರಿತು. ಅಪ್ಪ ತೀರಿಕೊಂಡ ಮೇಲೆ, ಇನ್ನು ಮನೆಯಲ್ಲೇ ಎಡೆ ಇಡೋಣವೇ ಎಂದು ನಾನು ಅವ್ವನನ್ನು ಕೇಳಿದ್ದುಂಟು. ಅವಳು ಬೇಡವೆಂದಳು. "ಅವಳಿಗೆ ಈಗ ಒಂದು ಮನೆ ಗೊತ್ತಾಗಿದೆ. ಎರಡು ಕಡೆ ಕರೆದ್ರೆ ಪಾಪ, ಎಲ್ಲಿಗೆ ಅಂತ ಹೋಗ್ತಾಳೆ?" ಮಗಳನ್ನು ಒಳ್ಳೆಯ ಮನೆಗೆ ಕೊಟ್ಟ ತಾಯಿಯ ಧಾಟಿ ಅದು.

ಮೋಕ್ ಅವರ ಅದೃಷ್ಟ ಕೂದಲಿನಷ್ಟು ಬಾಳಲಿಲ್ಲ. ಮನೆಮನೆಗೆ ಟೆಲಿವಿಷನ್ ಬಂತು. ಜನ ಮನೆಯಲ್ಲೇ ಕೂತು ಪುಕ್ಕಟೆ ಹೆದರತೊಡಗಿದರು. ಓಡುವುದು ನಿಂತ ಚಿತ್ರಗಳ ಸುರುಳಿಗಳನ್ನು ಆಗ ಹುಲ್ಲಿನ ಟೋಪಿ ಮಾಡುವವರು ಕೊಳ್ಳುತ್ತಿದ್ದರು. ಪಟ್ಟಿಪಟ್ಟಿಯಾಗಿ ಕತ್ತರಿಸಿ ಟೋಪಿಯ ಸುತ್ತ ಕಟ್ಟಿದರೆ ಫಳಫಳ ಹೊಳೆಯುತ್ತದೆ. ದೇಶವನ್ನು ನಡುಗಿಸಿದ ದೆವ್ವಗಳೆಲ್ಲ ಹೀಗೆ ಗದ್ದೆಯಲ್ಲಿ ಬಗ್ಗಿದ ರೈತರ ತಲೆಯ ಮೇಲೆ ಹೋಗಿ ಕೂತವು. ವ್ಯಾಪಾರಿಯಾಗಿ ನಾನು ಟೋಪಿಯವರನ್ನು ದೂರಲಾರೆ; ಸರಕು ಸರಕೇ. ಆದರೆ ಬೇಸಿಗೆ ಬಂದಾಗ ಮೋಕ್ ಅವರು, ಅದೇ ಕೋಟು ತೊಟ್ಟು, ಸಂತೆಯ ಟೋಪಿ ಅಂಗಡಿಗಳ ಮುಂದೆ ನಿಂತು, ಒಂದೊಂದೇ ಟೋಪಿಯನ್ನು ಬಿಸಿಲಿಗೆ ಹಿಡಿದು ಪಟ್ಟಿಯನ್ನು ಪರೀಕ್ಷಿಸುವುದನ್ನು ನೋಡಿದಾಗ ನನಗೆ ಅಂಗಡಿಗೆ ಬೇಗ ಹೋಗಬೇಕಾದ ಕೆಲಸ ನೆನಪಾಗುತ್ತಿತ್ತು.

ಒಂದು ದಿನ ಟೋಪಿಯೊಂದನ್ನು ಹಿಡಿದು ಬಂದರು. "ಯಜಮಾನ್ರೇ, ನಿಮ್ಮ ಸರಕು," ಎಂದು ಮುಂದಿಟ್ಟರು. ಪಟ್ಟಿಯನ್ನು ಬೆಳಕಿಗೆ ಹಿಡಿದರೆ ಸಾಲಾಗಿ ಪುಟ್ಟ ಪುಟ್ಟ ಕಾಗದದ ಬಾಗಿಲುಗಳು, ಒಂದೊಂದರ ಮೇಲೂ ಇಳಿದ ಕಪ್ಪು ಕೂದಲು. ಅವ್ವ ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಗಾಜಿನ ಚೌಕಟ್ಟು ಹಾಕಿಸೋಣ ಎಂದೆ. "ಅದ್ಯಾಕೆ, ಟೋಪಿ ಅಲ್ವಾ ಇದು," ಎಂದು ತಲೆಗಿಟ್ಟುಕೊಂಡು ಅಂಗಳಕ್ಕೆ ಮೆಣಸಿನಕಾಯಿ ಒಣಹಾಕಲು ಹೋದಳು. ಸಾಯುವ ತನಕ ಬೇಸಿಗೆಗೆ ಅವಳಿಗೆ ಅದೇ ಟೋಪಿ. ಆ ಚಿತ್ರದ್ದು ಲೋಕದಲ್ಲಿ ಉಳಿದಿರುವುದು ಅಷ್ಟೇ ಎಂದು ಬಲ್ಲವರು ಈಗ ಹೇಳುತ್ತಾರೆ.

ಮೋಕ್ ಅವರು ತೀರಿಕೊಂಡಾಗ ಪತ್ರಿಕೆಯಲ್ಲಿ ಬಂದದ್ದು ಬೆರಳಗಲದ ಸುದ್ದಿ. ಈಚೆಗೆ ಕಾಲ ತಿರುಗಿದೆ. ಉಳಿದ ಒಂದೆರಡು ಚಿತ್ರಗಳನ್ನು ಉತ್ಸವಗಳಲ್ಲಿ ತೋರಿಸುತ್ತಾರೆ, ಕನ್ನಡಕದ ಯುವಕರು ಅವರ ನೆರಳು-ಬೆಳಕಿನ ಮೇಲೆ ದಪ್ಪ ದಪ್ಪ ಪುಸ್ತಕ ಬರೆಯುತ್ತಾರೆ. ಒಳ್ಳೆಯದೇ. ಆದರೆ ಅವರ ಪರಂಪರೆ ಎಲ್ಲಿ ಉಳಿದಿದೆಯೆಂದು ನನ್ನನ್ನು ಕೇಳಿದರೆ ನಾನು ಕಳೆದ ವರ್ಷದ ಒಂದು ಬೆಳಿಗ್ಗೆಯ ಮಾತು ಹೇಳುತ್ತೇನೆ.

ಕುಕ್ ಹ್ಯೆರಾನ್ ಎಂಬ ಹುಡುಗಿ ತನ್ನ ಮೊದಲ ದೆವ್ವದ ಚಿತ್ರಕ್ಕೆ ನಮ್ಮಲ್ಲಿ ಕೂದಲು ಕೊಂಡಿದ್ದಳು. ಅವಳು ಮೋಕ್ ಅವರನ್ನು ಕಣ್ಣಿಂದ ಕಂಡವಳಲ್ಲ. ಅವರ ಶಿಷ್ಯರ ಶಿಷ್ಯೆ. ಎಡೆ ಇಡುತ್ತೇವೆ, ಬನ್ನಿ ಅಜ್ಜ ಎಂದು ಕರೆದಳು. ಹೋದೆ. ಹಂದಿಯ ತಲೆ, ಕಡುಬು, ಮಕ್‌ಗೊಲ್ಲಿ. ಪಕ್ಕದಲ್ಲಿ ಒಂದು ಗಿಡ್ಡ ಮಣೆ. ಅದರ ಮೇಲೆ ಒಂದೇ ಬಟ್ಟಲು.

ಮೇಕಪ್ಪಿನವನು ಬಟ್ಟಲಿನೊಳಗೆ ಇಣುಕಿ ರೇಗಿದ: "ಯಾರ್ರೀ ಬಿಳಿ ಅನ್ನ ಇಟ್ಟೋರು? ಓಕ್‌ಬುನ್ ಅಕ್ಕನಿಗೆ ಹಕ್ಕಳೆ ಕಣ್ರೀ. ಬೇರೆ ಮುಟ್ಟಲ್ಲ ಅವರು."

ನಾನು ಕೋಲೂರಿಕೊಂಡು ಹತ್ತಿರ ಹೋಗಿ, ಯಾರಮ್ಮ ಈ ಓಕ್‌ಬುನ್ ಎಂದು ಹ್ಯೆರಾನ್‌ಳನ್ನು ಕೇಳಿದೆ.

"ಗೊತ್ತಿಲ್ಲ ಅಜ್ಜ. ನಮ್ಮ ಗುರುಗಳು ಇಡ್ತಿದ್ರು, ನಾವೂ ಇಡ್ತೀವಿ. ದೆವ್ವದ ಚಿತ್ರ ತೆಗೆಯೋರೆಲ್ಲ ಇಡ್ತಾರೆ."

ಮೇಕಪ್ಪಿನವನ ಪ್ರಕಾರ ಅವಳು ಸೆಟ್ಟಿನ ಬಾವಿಗೆ ಬಿದ್ದು ಸತ್ತ ನಟಿ. ಬೆಳಕಿನವನು ಒಪ್ಪಲಿಲ್ಲ, ಅವಳು ಅರಮನೆಯ ಅಡುಗೆಯವಳು, ಅದಕ್ಕೇ ಹಕ್ಕಳೆ ಎಂದು ವಾದಿಸಿದ. ಇಬ್ಬರಿಗೂ ಜೋರು ಜಗಳ ಹತ್ತಿತು. ನಾನು ತಿದ್ದಲಿಲ್ಲ. ಒಂದು ಹೆಣ್ಣಿಗೆ ತವರು ಇಷ್ಟು ದೊಡ್ಡದಾಗಿರುವಾಗ, ನಾನು ತಮ್ಮ ಎಂದು ಮುಂದೆ ಬಂದು ಅದನ್ನು ಚಿಕ್ಕದು ಮಾಡುವುದು ಯಾಕೆ? ಹಕ್ಕಳೆ ಬಂತು. ಹ್ಯೆರಾನ್ ಚಮಚ ನೆಟ್ಟು, "ಓಕ್‌ಬುನ್ ಅಕ್ಕಾ, ಬನ್ನಿ, ಊಟ ಮಾಡಿ," ಎಂದಳು. ಎಲ್ಲರೂ ಬಾಗಿದರು. ಮೊಣಕಾಲು ಒಪ್ಪದಿದ್ದರೂ ನಾನೂ ಬಾಗಿದೆ.

ಹೆದರಿಸುವುದನ್ನೇ ಕಸುಬು ಮಾಡಿಕೊಂಡವರನ್ನು ಲೋಕ ಕಠಿಣ ಹೃದಯದವರೆಂದು ತಿಳಿಯುತ್ತದೆ. ನಾನು ಕಂಡಂತೆ ಅವರು ನಮಗಿಂತ ಹೆಚ್ಚು ಹೆದರುವ ಜನ; ವ್ಯತ್ಯಾಸವಿಷ್ಟೇ, ನಾವು ಬಾಗಿಲು ಹಾಕಿಕೊಂಡು ಓಡುವ ಜಾಗದಲ್ಲಿ ಅವರು ನಡುಗುತ್ತ ಕೂತು, ಬಂದವಳ ಮಾತು ಮುಗಿಯುವ ತನಕ ಕೇಳುತ್ತಾರೆ. ಅಂಥವರ ತಲೆ ನೋಡಿ ಬೆಲೆ ಕಟ್ಟಬಾರದಿತ್ತು. ನನ್ನ ಅಕ್ಕ ಹಸಿದಿಲ್ಲ. ಅದು ಮೋಕ್ ಇನ್‌ಸಿಕ್ ಅವರಿಂದ.